ಐಷಾರಾಮಿ ಕ್ರಾಸೋವರ್ ಕೊಟ್ಟು ಹೈಬ್ರಿಡ್ ತೆಗೆದುಕೊಳ್ಳುವ ಮುಂಚೆ: ಹಾಸನ–ಚಿಕ್ಕಮಗಳೂರು ರಸ್ತೆಗಳಿಗೆ ಇಂಧನದ ಲೆಕ್ಕ ಹಾಕುವ ಬಗೆ

ಮನೆಯಲ್ಲಿ ಎರಡು ಲೀಟರ್ ಎಂಜಿನ್ನಿನ ಜರ್ಮನ್ ಕ್ರಾಸೋವರ್ (ಎಸ್‌ಯುವಿಯಂತೆ ಎತ್ತರದ ಕಾರು) ಇದೆ, ವಾರಂಟಿ ಮುಗಿದಿದೆ, ಬಂಕ್‌ಗೆ ಹೋದಾಗಲೆಲ್ಲ ಆರೇಳು ಸಾವಿರ ಕರಗುತ್ತಿದೆ. ಶೋರೂಮಿನಲ್ಲಿ ಹೈಬ್ರಿಡ್ ಕಾರಿನ ಪಕ್ಕ ‘ಲೀಟರಿಗೆ 27.97 ಕಿ.ಮೀ.’ ಎಂದು ಬರೆದಿದ್ದಾರೆ. ಇಷ್ಟು ನೋಡಿ ಕಾರು ಬದಲಿಸಿದವರಲ್ಲಿ ಕೆಲವರಿಗೆ ನಿಜಕ್ಕೂ ದುಡ್ಡು ಉಳಿಯುತ್ತದೆ, ಕೆಲವರಿಗೆ ಹತ್ತು ವರ್ಷವಾದರೂ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ನೀವು ಓಡಿಸುವ ರಸ್ತೆ, ಈಗಿನ ಕಾರು ಪೆಟ್ರೋಲೋ ಡೀಸೆಲ್ಲೋ ಎಂಬುದು, ಮತ್ತು ಎಕ್ಸ್‌ಚೇಂಜ್ ಆದಮೇಲೆ ಕೈಯಿಂದ ಹಾಕುವ ಮೊತ್ತ. ಈ ಮೂರನ್ನೂ ನಿಮ್ಮದೇ ಅಂಕಿಗಳಿಂದ ತುಂಬಿಸುವುದು ಹೇಗೆ ಎಂಬುದು ಕೆಳಗಿದೆ.

ಮೊದಲಿಗೆ: ‘ಹೈಬ್ರಿಡ್’ ಅಂದರೆ ಯಾವುದು?

ಇಲ್ಲಿ ಮಾತಾಡುತ್ತಿರುವುದು ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ, ಅಂದರೆ ಎಂಜಿನ್ ಪೂರ್ತಿ ಆಫ್ ಆಗಿ ಮೋಟಾರಿನಲ್ಲೇ ಕಾರು ಚಲಿಸುವಂಥದ್ದು. ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು, ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಹೋಂಡಾ ಸಿಟಿ ಇ:ಎಚ್‌ಇವಿ ಈ ಗುಂಪಿನವು. ‘ಸ್ಮಾರ್ಟ್ ಹೈಬ್ರಿಡ್’ ಎಂದು ಬರೆದ ಹಳೆಯ ಸಿಯಾಜ್, ಎರ್ಟಿಗಾಗಳು ಇದಲ್ಲ. 48 ವೋಲ್ಟ್ ವ್ಯವಸ್ಥೆ ಇರುವ ಹೊಸ ಐಷಾರಾಮಿ ಕಾರುಗಳೂ ಮೈಲ್ಡ್ ಹೈಬ್ರಿಡ್‌ಗಳೇ. ಅವುಗಳಲ್ಲಿ ಮೋಟಾರು ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೆ, ಉಳಿತಾಯವೂ ಅಷ್ಟಕ್ಕಷ್ಟೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಈ ಗೊಂದಲ ಜಾಸ್ತಿ. ನಿಧಾನ ಓಡಿಸುವಾಗ ಮೀಟರ್ ಮೇಲೆ ‘ಇವಿ’ ದೀಪ ಹತ್ತಿ, ಟ್ಯಾಕೋಮೀಟರ್ (ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮೀಟರ್) ಇದ್ದರೆ ಅದು ಸೊನ್ನೆಗೆ ಇಳಿಯಬೇಕು.

ಹಂತ 1: ಮೈಲೇಜ್ ಬಿಟ್ಟು, 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಎಣಿಸಿ

ಲೀಟರಿಗೆ ಇಷ್ಟು ಕಿ.ಮೀ. ಎಂಬ ಅಂಕಿ ದಾರಿ ತಪ್ಪಿಸುತ್ತದೆ. 8 ಕೊಡುವ ಕಾರು ಬಿಟ್ಟು 12 ಕೊಡುವ ಕಾರಿಗೆ ಬಂದರೆ 1,000 ಕಿ.ಮೀ.ಗೆ ಸುಮಾರು 42 ಲೀಟರ್ ಉಳಿಯುತ್ತದೆ. 20ರಿಂದ 27ಕ್ಕೆ ಬಂದರೆ ಉಳಿಯುವುದು 13 ಲೀಟರ್ ಮಾತ್ರ. ಕೇಳಲು ಎರಡನೆಯದೇ ದೊಡ್ಡ ಜಿಗಿತ! ಹಾಗಾಗಿ 100ನ್ನು ಮೈಲೇಜಿನಿಂದ ಭಾಗಿಸಿ ಬಂದ ಲೀಟರನ್ನೇ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರಲ್ಲೇ.

ಹಂತ 2: ನಿಮ್ಮ ಓಡಾಟವನ್ನು ಮೂರು ಪಾಲು ಮಾಡಿ

ಒಂದು, ಊರೊಳಗಿನ ಓಡಾಟ: ಹಾಸನದ ಬಿ.ಎಂ. ರಸ್ತೆ, ಚಿಕ್ಕಮಗಳೂರಿನ ಐ.ಜಿ. ರಸ್ತೆ, ಮಕ್ಕಳ ಶಾಲೆ, ಬ್ಯಾಂಕು, ಕ್ಯೂರಿಂಗ್ ವರ್ಕ್ಸ್. ವಾರಾಂತ್ಯದಲ್ಲಿ ಪ್ರವಾಸಿಗರ ಸಾಲಿನ ಜೊತೆ ಕೈಮರದ ಕಡೆ ತೆವಳುವುದೂ ಇದರಲ್ಲೇ ಸೇರುತ್ತದೆ. ಎರಡು, ಹೆದ್ದಾರಿ: ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ಮೇಲೆ ಬೆಂಗಳೂರು, ಒಂದು ಕಡೆಗೆ ಸುಮಾರು 185 ಕಿ.ಮೀ. ಮೂರು, ಘಾಟಿ ಮತ್ತು ತೋಟದ ದಾರಿ: ಶಿರಾಡಿ, ಚಾರ್ಮಾಡಿ, ಎಸ್ಟೇಟ್ ಒಳಗಿನ ಮಣ್ಣು ರಸ್ತೆ.

ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದರೆ ಆರು ತಿಂಗಳಲ್ಲಿ ಎಷ್ಟು ಸಲ ಬೆಂಗಳೂರಿಗೆ ಹೋಗಿದ್ದೀರಿ ಎಂಬುದು ಸಿಗುತ್ತದೆ. ಸರ್ವೀಸ್ ಬಿಲ್ಲುಗಳಲ್ಲಿ ಓಡೋಮೀಟರ್ ಅಂಕಿ ಇರುತ್ತದೆ. ಈ ಎರಡರಿಂದಲೇ ಪಾಲು ಹೆಚ್ಚು ಕಡಿಮೆ ಸರಿಯಾಗಿ ಬರುತ್ತದೆ. ನೆನಪಿನಿಂದ ಬರೆದರೆ ಹೆದ್ದಾರಿ ಪಾಲು ಕಮ್ಮಿಯಾಗುತ್ತದೆ, ಊರೊಳಗಿನದು ಉಬ್ಬುತ್ತದೆ.

ಐಷಾರಾಮಿ ಕಾರಿನ ಸರ್ವೀಸಿಗಾಗಿಯೇ ಮಂಗಳೂರಿಗೋ ಬೆಂಗಳೂರಿಗೋ ಹೋಗಿಬರುವವರು ಆ ಕಿ.ಮೀ.ಗಳನ್ನು ಬೇರೆ ಬರೆದುಕೊಳ್ಳಿ. ಕಾರು ಬದಲಾದ ಮೇಲೆ ಆ ಪ್ರಯಾಣವೇ ತಪ್ಪಬಹುದು.

ಹಂತ 3: ಈಗಿನ ಕಾರನ್ನು ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯುವುದೇ ಸರಿ. ಅದರಲ್ಲೂ ತಪ್ಪುವ ಜಾಗಗಳಿವೆ:

- ಒಂದೇ ಬಂಕು, ಸಾಧ್ಯವಾದರೆ ಒಂದೇ ಪಂಪು. ನೆಲದ ಇಳಿಜಾರು ಬದಲಾದರೆ ಟ್ಯಾಂಕಿನಲ್ಲಿ ಗಾಳಿ ಸಿಕ್ಕಿಕೊಳ್ಳುವ ಪ್ರಮಾಣವೂ ಬದಲಾಗುತ್ತದೆ.
- ನಾಜಲ್ ತಾನಾಗಿ ಮೊದಲ ಸಲ ‘ಟಕ್’ ಎಂದು ನಿಂತಾಗ ಸಾಕು ಅನ್ನಿ. ಬಂಕಿನ ಹುಡುಗರು ರೌಂಡ್ ಫಿಗರ್ ಮಾಡಲು ಇನ್ನೂ ಒತ್ತುತ್ತಾರೆ. 40 ಲೀಟರಿನಲ್ಲಿ ಒಂದು ಲೀಟರ್ ಹೆಚ್ಚು ಕಡಿಮೆಯಾದರೆ ಲೆಕ್ಕ ಶೇ 2.5 ತಪ್ಪುತ್ತದೆ.
- ಟೈರ್ ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ.
- ಮೂರು ಫುಲ್ ಟ್ಯಾಂಕ್‌ಗಳ ಒಟ್ಟು ಕಿ.ಮೀ., ಒಟ್ಟು ಲೀಟರ್ ತೆಗೆದುಕೊಳ್ಳಿ. ಒಂದು ಟ್ಯಾಂಕ್ ನೋಡಿ ತೀರ್ಮಾನಿಸಬೇಡಿ.

ಸಾಧ್ಯವಾದರೆ ಒಂದು ಟ್ಯಾಂಕ್ ಪೂರ್ತಿ ಹೆದ್ದಾರಿಯಲ್ಲಿ, ಒಂದು ಪೂರ್ತಿ ಊರೊಳಗೆ ಮುಗಿಸಿ. ಡೀಸೆಲ್ ಕಾರಿಗೆ ಆಡ್‌ಬ್ಲೂ (ಹೊಗೆಯ ಮಾಲಿನ್ಯ ತಗ್ಗಿಸುವ ದ್ರವ) ಹಾಕಿಸುತ್ತಿದ್ದರೆ ಅದರ ಖರ್ಚನ್ನೂ ಇಂಧನಕ್ಕೇ ಸೇರಿಸಿ. ಪೆಟ್ರೋಲ್ ಕಾರಿಗೆ ಪ್ರೀಮಿಯಂ ಪೆಟ್ರೋಲ್ ಹಾಕಿಸುವವರು ಆ ದರದಲ್ಲೇ ಗುಣಿಸಬೇಕು, ಸಾದಾ ದರದಲ್ಲಿ ಅಲ್ಲ.

ಹಂತ 4: ಹೈಬ್ರಿಡ್ ನಿಮ್ಮ ರಸ್ತೆಯಲ್ಲಿ ಎಷ್ಟು ಕುಡಿಯುತ್ತದೆ?

ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಅಂಕಿ ಪ್ರಯೋಗಾಲಯದ ರೋಲರ್ ಮೇಲೆ ಅಳೆದದ್ದು. ಆ ಪರೀಕ್ಷೆಯ ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗೆ 27.97, ಹೈಕ್ರಾಸ್‌ಗೆ 23.24 ಎಂಬ ಅಂಕಿಗಳು ಕಾರು ಕಾರುಗಳನ್ನು ಹೋಲಿಸಲು ಸರಿ, ಮನೆ ಖರ್ಚಿನ ಲೆಕ್ಕಕ್ಕೆ ಬೇಡ.

ಹೈಬ್ರಿಡ್ ಗೆಲ್ಲುವುದು ಊರೊಳಗೆ. ಸಿಗ್ನಲ್, ಜಾಮ್, ಹಂಪ್‌ಗಳಲ್ಲಿ ಎಂಜಿನ್ ಆಫ್ ಇರುತ್ತದೆ, ಬ್ರೇಕಿನಲ್ಲಿ ಹೋಗುವ ಶಕ್ತಿ ಬ್ಯಾಟರಿಗೆ ವಾಪಸಾಗುತ್ತದೆ. ಎ.ಸಿ. ಕಂಪ್ರೆಸರ್ ಕೂಡ ಕರೆಂಟಿನಲ್ಲೇ ಓಡುವುದರಿಂದ, ಕಿಟಕಿ ಇಳಿಸಿ ಓಡಿಸಬಹುದಾದ ನಮ್ಮ ಹವೆಯಲ್ಲಿ ಬ್ಯಾಟರಿ ಇನ್ನಷ್ಟು ಹೊತ್ತು ಬರುತ್ತದೆ. ಒಂದು ಎಚ್ಚರಿಕೆ: ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎರಡು ಕಿ.ಮೀ. ಹೋಗಿ ಬರುವ ಓಡಾಟಕ್ಕೆ ಈ ಲಾಭ ಸಿಗುವುದಿಲ್ಲ. ಎಂಜಿನ್ ಬಿಸಿಯಾಗುವ ತನಕ ಅದು ಆಫ್ ಆಗದು.

ಹೆದ್ದಾರಿಯಲ್ಲಿ ಎಂಜಿನ್ ಬಹುಪಾಲು ಹೊತ್ತು ಓಡುತ್ತಲೇ ಇರುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ (ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ) ಏರುತ್ತದೆ: 80ರಿಂದ 110ಕ್ಕೆ ಹೋದರೆ ತಡೆ ಸುಮಾರು ಶೇ 89ರಷ್ಟು ಹೆಚ್ಚು. ಡೀಸೆಲ್ ಕ್ರಾಸೋವರ್ ಸ್ಥಿರ ವೇಗದಲ್ಲಿ ಚೆನ್ನಾಗಿಯೇ ಓಡುತ್ತದೆ, ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶಕ್ತಿಯೂ ಹೆಚ್ಚು. ಮೇಲಾಗಿ ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹೀಗಾಗಿ ಹೆದ್ದಾರಿಯಲ್ಲಿ ಅಂತರ ಬಹಳ ಕಿರಿದಾಗುತ್ತದೆ.

ಟೆಸ್ಟ್ ಡ್ರೈವ್ ಶೋರೂಮಿನ ಸುತ್ತ ಬೇಡ. ಕನಿಷ್ಠ 40 ಕಿ.ಮೀ. ಕೇಳಿ, ನಿಮ್ಮ ಮೂರೂ ಬಗೆಯ ರಸ್ತೆ ಬರಲಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಡಿ. ಹೊರಡುವಾಗಲೂ ಮುಗಿಸುವಾಗಲೂ ಬ್ಯಾಟರಿ ಕಡ್ಡಿಗಳು ಸಮ ಇರಬೇಕು. ತುಂಬಿದ ಬ್ಯಾಟರಿಯಲ್ಲಿ ಹೊರಟು ಖಾಲಿ ಮಾಡಿ ಬಂದರೆ ಮೈಲೇಜ್ ಸುಳ್ಳು. ಕೊನೆಗೆ ಮೀಟರ್ ತೋರಿಸಿದ್ದರಲ್ಲಿ ಶೇ 8ರಿಂದ 10 ಕಳೆದು ಬರೆದುಕೊಳ್ಳಿ.

ಘಾಟಿಯ ವಿಷಯ ಬೇರೆಯೇ

‘ಇಳಿಜಾರಿನಲ್ಲಿ ಬ್ಯಾಟರಿ ಪುಕ್ಕಟೆ ಚಾರ್ಜ್ ಆಗುತ್ತದೆ, ಹಾಗಾಗಿ ಘಾಟಿಯಲ್ಲಿ ಹೈಬ್ರಿಡ್ ಭಾರಿ ಲಾಭ’ ಎಂಬ ಮಾತಿದೆ. ಅರ್ಧ ಮಾತ್ರ ನಿಜ.

ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಬ್ಯಾಟರಿ ಒಟ್ಟು 0.76 ಕಿಲೋವ್ಯಾಟ್‌ ಅವರ್. ಬಾಳಿಕೆಗಾಗಿ ಕಾರು ಅದರ ನಡುವಿನ ಒಂದು ಭಾಗವನ್ನಷ್ಟೇ ಬಳಸುತ್ತದೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರು 100 ಮೀಟರ್ ಎತ್ತರ ಇಳಿದರೆ 0.44 ಕಿಲೋವ್ಯಾಟ್‌ ಅವರ್ ಶಕ್ತಿ ಬಿಡುಗಡೆಯಾಗುತ್ತದೆ. ಟೈರಿನ ಉಜ್ಜಾಟ, ಪರಿವರ್ತನೆಯ ನಷ್ಟ ಕಳೆದು ಅರ್ಧದಷ್ಟು ಬ್ಯಾಟರಿಗೆ ಬಂದರೂ, ಕೊಟ್ಟಿಗೆಹಾರ ದಾಟಿ ಇಳಿಯತೊಡಗಿದ ಮೊದಲ ಕೆಲವು ತಿರುವುಗಳಲ್ಲೇ ಅದು ತುಂಬಿಹೋಗುತ್ತದೆ. ಚಾರ್ಮಾಡಿಯ ಉಳಿದ ಇಳಿತದ ಶಕ್ತಿ ಹಿಡಿದಿಡಲು ಜಾಗವೇ ಇಲ್ಲ.

ಆಗ ಏನಾಗುತ್ತದೆ ಎಂದು ಮೊದಲೇ ತಿಳಿದಿರಬೇಕು. ಟೊಯೋಟಾ ವ್ಯವಸ್ಥೆಯಲ್ಲಿ ಉಕ್ಕಿದ ಕರೆಂಟನ್ನು ಕಳೆಯಲು ಕಾರು ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ಸುತ್ತಿಸುತ್ತದೆ. ಆಕ್ಸಿಲರೇಟರ್ ಒತ್ತದಿದ್ದರೂ ಎಂಜಿನ್ ಗುಂಯ್‌ಗುಡುತ್ತದೆ. ಹೊಸಬರು ಇದನ್ನು ಕೇಳಿ ಗಾಬರಿಯಾಗುತ್ತಾರೆ, ಆದರೆ ಕೆಟ್ಟಿರುವುದೇನೂ ಇಲ್ಲ. ಘಾಟಿ ಇಳಿಯಲು ಶುರು ಮಾಡುವಾಗಲೇ ಗೇರ್ ಲಿವರ್ ‘ಬಿ’ಗೆ ತನ್ನಿ, ಇದು ಎಂಜಿನ್ ಬ್ರೇಕಿಂಗ್ ಕೊಡುತ್ತದೆ. ‘ಡಿ’ಯಲ್ಲೇ ಬಿಟ್ಟು ಪೆಡಲ್ ಒತ್ತುತ್ತಾ ಇಳಿದರೆ, ಬ್ಯಾಟರಿ ತುಂಬಿದ ಮೇಲೆ ಹೊರೆ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ. ಬಯಲು ಬಂದೊಡನೆ ‘ಡಿ’ಗೆ ವಾಪಸ್ ಹಾಕಿ.

ಏರುವಾಗ? ಇಂಥ ಕಾರಿಗೆ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು 150 ಮಿ.ಲೀ. ಪೆಟ್ರೋಲ್ ಹೆಚ್ಚುವರಿ ಬೇಕು. ಎರಡು ಟನ್ ದಾಟುವ ಐಷಾರಾಮಿ ಕ್ರಾಸೋವರಿಗೆ ಎತ್ತುವ ಶಕ್ತಿಯೂ ಅದೇ ಪ್ರಮಾಣದಲ್ಲಿ ಹೆಚ್ಚು ಬೇಕು. ಘಾಟಿಯಲ್ಲಿ ಸಿಗುವ ಉಳಿತಾಯದಲ್ಲಿ ದೊಡ್ಡ ಪಾಲು ಈ ತೂಕದ ವ್ಯತ್ಯಾಸದ್ದು.

ಹಂತ 5: ರೂಪಾಯಿಗೆ ಇಳಿಸಿ

ತಿಂಗಳಿಗೆ 1,500 ಕಿ.ಮೀ. ಓಡುವ ಒಂದು ಮನೆಯ ಮಾದರಿ ಲೆಕ್ಕ ಹೀಗಿರುತ್ತದೆ. ಡೀಸೆಲ್ 91 ರೂ., ಪೆಟ್ರೋಲ್ 103 ರೂ. ಎಂದು ಹಿಡಿಯಲಾಗಿದೆ. ಮೈಲೇಜ್ ಅಂಕಿಗಳೂ ಮಾದರಿಗಷ್ಟೇ, ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

| ರಸ್ತೆ | ಕಿ.ಮೀ. | ಡೀಸೆಲ್ ಕ್ರಾಸೋವರ್ | ಹೈಬ್ರಿಡ್ | ತಿಂಗಳ ಉಳಿತಾಯ |
|---|---|---|---|---|
| ಊರೊಳಗೆ | 500 | ಲೀಟರಿಗೆ 9 ಕಿ.ಮೀ., 5,056 ರೂ. | ಲೀಟರಿಗೆ 21 ಕಿ.ಮೀ., 2,452 ರೂ. | 2,604 ರೂ. |
| ಹೆದ್ದಾರಿ | 700 | ಲೀಟರಿಗೆ 14 ಕಿ.ಮೀ., 4,550 ರೂ. | ಲೀಟರಿಗೆ 18.5 ಕಿ.ಮೀ., 3,897 ರೂ. | 653 ರೂ. |
| ಘಾಟಿ, ತೋಟ | 300 | ಲೀಟರಿಗೆ 10 ಕಿ.ಮೀ., 2,730 ರೂ. | ಲೀಟರಿಗೆ 16 ಕಿ.ಮೀ., 1,931 ರೂ. | 799 ರೂ. |

ಒಟ್ಟು ತಿಂಗಳಿಗೆ 4,056 ರೂ., ವರ್ಷಕ್ಕೆ ಸುಮಾರು 48,700 ರೂ. ಹೆದ್ದಾರಿಯ ಸಾಲು ಇನ್ನೊಮ್ಮೆ ನೋಡಿ. ಅತಿ ಹೆಚ್ಚು ಕಿ.ಮೀ. ಅಲ್ಲೇ, ಅತಿ ಕಡಿಮೆ ಉಳಿತಾಯವೂ ಅಲ್ಲೇ. ಮೂರನೇ ಒಂದು ಪಾಲಿನ ಊರೊಳಗಿನ ಓಡಾಟ ಉಳಿತಾಯದ ಸುಮಾರು ಮೂರನೇ ಎರಡು ಪಾಲು ತರುತ್ತಿದೆ. ವಾರವಾರ ಬೆಂಗಳೂರಿಗೆ ಹೋಗುವುದೇ ಮುಖ್ಯ ಓಡಾಟವಾಗಿರುವ ಡೀಸೆಲ್ ಕಾರಿನವರು ಇಂಧನಕ್ಕಾಗಿ ಕಾರು ಬದಲಿಸಬಾರದು ಎಂದು ಇದರಿಂದಲೇ ಹೇಳಬಹುದು.

ಹಳೆಯದು ಪೆಟ್ರೋಲ್ ಕ್ರಾಸೋವರ್ ಆಗಿದ್ದರೆ ಚಿತ್ರ ಬೇರೆ. ಊರೊಳಗೆ 7, ಹೆದ್ದಾರಿಯಲ್ಲಿ 12, ಘಾಟಿಯಲ್ಲಿ 8 ಎಂದು ಹಿಡಿದರೆ ತಿಂಗಳಿಗೆ 17,228 ರೂ. ಖರ್ಚು. ಹೈಬ್ರಿಡ್‌ನಲ್ಲಿ 8,280. ವರ್ಷಕ್ಕೆ ಸುಮಾರು 1,07,400 ರೂ. ಉಳಿತಾಯ, ಡೀಸೆಲಿನವರಿಗಿಂತ ಎರಡು ಪಟ್ಟಿಗೂ ಮೇಲೆ.

ಹಂತ 6: ಕೈಯಿಂದ ಹೋಗುವ ಮೊತ್ತ

ಎಕ್ಸ್‌ಚೇಂಜ್ ಬೋನಸ್, ಕ್ಯಾಶ್ ಡಿಸ್ಕೌಂಟ್, ಕಾರ್ಪೊರೇಟ್ ಆಫರ್ ಎಂದು ಶೋರೂಮಿನವರು ಬಿಡಿಬಿಡಿಯಾಗಿ ಹೇಳುತ್ತಾರೆ. ಒಂದರಲ್ಲಿ ಏರಿಸಿದ್ದು ಇನ್ನೊಂದರಲ್ಲಿ ಇಳಿದಿರುತ್ತದೆ. ನೀವು ಕೇಳಬೇಕಾದ್ದು ಒಂದೇ: ಆನ್‌ರೋಡ್ ಬೆಲೆಯಲ್ಲಿ ಹಳೆ ಕಾರಿನ ಬೆಲೆ ಕಳೆದು ನಾನು ಕೊಡಬೇಕಾದ್ದೆಷ್ಟು? ಇದನ್ನು ಬರಹದಲ್ಲಿ ತೆಗೆದುಕೊಳ್ಳಿ. ಹಳೆ ಕಾರಿಗೆ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಮಾರುವವರ ಬಳಿಯೂ ಬೆಲೆ ಕೇಳಿ, ಕೊಳ್ಳುವವರು ಅಲ್ಲಿ ಹೆಚ್ಚು.

ಆನ್‌ರೋಡ್‌ನಲ್ಲಿ ದೊಡ್ಡ ತೂಕ ರಸ್ತೆ ತೆರಿಗೆಯದು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ 17, ಅದರ ಮೇಲಕ್ಕೆ ಶೇ 18, ಈ ತೆರಿಗೆಯ ಮೇಲೆ ಸೆಸ್ ಬೇರೆ. 18 ಲಕ್ಷದ ಕಾರಿಗೆ ತೆರಿಗೆಯೇ ಮೂರು ಲಕ್ಷ ದಾಟುತ್ತದೆ. 10 ಲಕ್ಷ ಮೀರಿದ ಕಾರಿಗೆ ಶೇ 1 ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲು ಮಾಡಿ ಕಟ್ಟುವ ತೆರಿಗೆ) ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಪಡೆಯಬಹುದಾದ ಹಣ, ಖರ್ಚಲ್ಲ. ಜಿಎಸ್‌ಟಿಯಲ್ಲಿ ಹೈಬ್ರಿಡ್‌ಗೆ ಮೊದಲಿದ್ದ ಅನುಕೂಲವೂ ಈಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಹೈಬ್ರಿಡ್‌ಗೂ ದೊಡ್ಡ ಎಸ್‌ಯುವಿಗೂ ಒಂದೇ ಶೇ 40.

ಇನ್ಶೂರೆನ್ಸಿನಲ್ಲಿ ಎರಡು ವಿಷಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1,500 ಸಿಸಿ ಮೀರಿದ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ 7,897 ರೂ., 1,000–1,500 ಸಿಸಿಗೆ 3,416 ರೂ. ಹೈಬ್ರಿಡ್‌ಗೆ ಅದರಲ್ಲಿ ಶೇ 7.5 ರಿಯಾಯಿತಿ. ಇನ್ನೊಂದು, ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಕಾರಿನದಲ್ಲ, ಮಾಲೀಕರದು. ಹಳೆ ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಂಡರೆ ಶೇ 50ರ ತನಕದ ರಿಯಾಯಿತಿ ಹೊಸ ಕಾರಿನ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಂಗೆ ಬರುತ್ತದೆ. ಮೂರು ವರ್ಷದೊಳಗೆ ಬಳಸಬೇಕು. ಎಷ್ಟೋ ಮಂದಿ ಇದನ್ನು ಕೇಳುವುದೇ ಇಲ್ಲ.

ಹಂತ 7: ಎರಡೂ ಪಕ್ಕ ಪಕ್ಕ ಇಡಿ

ಆನ್‌ರೋಡ್ 23 ಲಕ್ಷ, ಹಳೆ ಕಾರಿಗೆ 17 ಲಕ್ಷ, ಕೈಯಿಂದ 6 ಲಕ್ಷ ಎಂದುಕೊಳ್ಳೋಣ. ಬರೀ ಇಂಧನದಿಂದ ಈ ಹಣ ಹುಟ್ಟಲು ಡೀಸೆಲಿನವರಿಗೆ 12 ವರ್ಷಕ್ಕೂ ಹೆಚ್ಚು ಬೇಕು, ಪೆಟ್ರೋಲಿನವರಿಗೆ ಐದೂವರೆ ವರ್ಷ. ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಆ 6 ಲಕ್ಷ ಶೇ 6.5ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 39,000 ರೂ. ಬಡ್ಡಿ ಬರುತ್ತಿತ್ತು. ಶೇ 9ರ ಐದು ವರ್ಷದ ಸಾಲವಾದರೆ ತಿಂಗಳಿಗೆ 12,455 ರೂ. ಕಂತು, ಒಟ್ಟು ಬಡ್ಡಿಯೇ ಸುಮಾರು 1.47 ಲಕ್ಷ.

ಸವಕಳಿಯನ್ನೂ ಸೇರಿಸಿ. ಹಳೆ ಐಷಾರಾಮಿ ಕಾರಿನ ಬೆಲೆ ಬೀಳುವಷ್ಟು ಬಿದ್ದಾಗಿದೆ, ಹೊಸ ಕಾರಿನ ಬೆಲೆ ಬೀಳುವುದು ಈಗ ಶುರುವಾಗುತ್ತದೆ. ಐದು ವರ್ಷದಲ್ಲಿ 23 ಲಕ್ಷದ್ದು 11ಕ್ಕೆ, 17 ಲಕ್ಷದ್ದು 8ಕ್ಕೆ ಇಳಿದರೆ ಹೊಸದರಲ್ಲಿ 3 ಲಕ್ಷ ಹೆಚ್ಚು ನಷ್ಟ, ಅಂದರೆ ವರ್ಷಕ್ಕೆ 60,000. ಬಡ್ಡಿ, ಸವಕಳಿ ಎರಡೂ ಸೇರಿ 99,000 ರೂ.

ಎದುರಿಗೆ ಸರ್ವೀಸ್ ಮತ್ತು ಟೈರಿನ ಉಳಿತಾಯ ಇಡಿ. ರನ್‌ಫ್ಲ್ಯಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು), ವಾರಂಟಿ ಮುಗಿದ ಗೇರ್‌ಬಾಕ್ಸ್, ಸಸ್ಪೆನ್ಷನ್‌ಗಳ ಬಿಲ್ಲು ನೋಡಿದವರಿಗೆ ವರ್ಷಕ್ಕೆ 60,000 ಉಳಿಯುತ್ತದೆ ಎಂಬುದು ಹೆಚ್ಚೆನಿಸದು. ಈಗ ಡೀಸೆಲಿನವರಿಗೆ ಉಳಿದದ್ದು ವರ್ಷಕ್ಕೆ ಹತ್ತು ಸಾವಿರದ ಒಳಗೆ, ಹೆಚ್ಚು ಕಡಿಮೆ ಸಮಸಮ. ಪೆಟ್ರೋಲಿನವರಿಗೆ ಸುಮಾರು 68,000 ರೂ. ಲಾಭ. ಡೀಸೆಲ್ ಕ್ರಾಸೋವರ್ ಬದಲಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಮುಂದೆ ಬರಲಿರುವ ರಿಪೇರಿ. ಕೊಡುವ ಮುಂಚೆ ಕಾರನ್ನು ಒಮ್ಮೆ ಸ್ಕ್ಯಾನರ್ ಹಾಕಿಸಿ ನೋಡಿಸಿ. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಗೇರ್‌ಬಾಕ್ಸ್ ಚೆನ್ನಾಗಿದ್ದರೆ ಇನ್ನೆರಡು ವರ್ಷ ಓಡಿಸುವುದೇ ಅಗ್ಗ.

ನಡುವಿನ ದಾರಿಯೂ ಇದೆ: ಎರಡು ಮೂರು ವರ್ಷ ಓಡಿದ ಸ್ಟ್ರಾಂಗ್ ಹೈಬ್ರಿಡ್. ರಸ್ತೆ ತೆರಿಗೆ, ಮೊದಲ ಸವಕಳಿ ಎರಡೂ ಬೇರೆಯವರ ಜೇಬಿನಿಂದ ಹೋಗಿರುತ್ತದೆ. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುವುದರಿಂದ ಇನ್ನೂ ಐದಾರು ವರ್ಷ ರಕ್ಷಣೆ ಸಿಗುತ್ತದೆ. ಕಂಪನಿ ಸರ್ವೀಸ್ ದಾಖಲೆ ಪೂರ್ತಿ ಇರಬೇಕು.

ತೋಟದವರು ಸಹಿ ಹಾಕುವ ಮುಂಚೆ ನೋಡಬೇಕಾದ್ದು

ಇಂಧನದ ಲೆಕ್ಕ ಸರಿಬಂದರೂ ಕಾರು ತೋಟಕ್ಕೆ ಒಗ್ಗದಿದ್ದರೆ ಪ್ರಯೋಜನವಿಲ್ಲ. ಗ್ರ್ಯಾಂಡ್ ವಿಟಾರಾ, ಹೈರೈಡರ್, ಹೈಕ್ರಾಸ್‌ಗಳ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ. ನಾಲ್ಕು ಚಕ್ರದ ಕ್ರಾಸೋವರ್ ಜುಲೈ ಮಳೆಯಲ್ಲಿ ಹತ್ತುತ್ತಿದ್ದ ಕೆಸರಿನ ಏರು ಇದಕ್ಕೆ ಆಗದಿರಬಹುದು. ತೋಟದಲ್ಲಿ ಜೀಪೋ ಪಿಕಪ್ಪೋ ಇದ್ದರೆ ಚಿಂತೆಯಿಲ್ಲ. ಇನ್ನೊಂದು ಸೂಕ್ಷ್ಮ: ಟೊಯೋಟಾ ವ್ಯವಸ್ಥೆಯಲ್ಲಿ ರಿವರ್ಸ್ ಪೂರ್ತಿ ಮೋಟಾರಿನದು, ಎಂಜಿನ್ ಚಕ್ರವನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಐದು ಜನ ಕೂತು, ನಿಮ್ಮ ಗೇಟಿನ ಏರಿನಲ್ಲಿ ಒಮ್ಮೆ ರಿವರ್ಸ್ ಹೋಗಿ ನೋಡಿ.

ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತದೆ. ಸಣ್ಣ ಕಾರುಗಳಲ್ಲಿ ಎರಡು ಸೂಟ್‌ಕೇಸ್‌ಗೆ ಡಿಕ್ಕಿ ತುಂಬುತ್ತದೆ. ಹಾಗಾಗಿ ಮೆಣಸಿನ ಮೂಟೆ ಹಿಂದಿನ ಸೀಟಿಗೆ ಬರುತ್ತದೆ, ತೊಂದರೆ ಶುರುವಾಗುವುದು ಅಲ್ಲೇ. ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿಗೆ ತಣ್ಣನೆ ಗಾಳಿ ಎಳೆಯುವ ಕಿಂಡಿ ಹಿಂದಿನ ಸೀಟಿನ ಬಳಿಯೇ ಇರುತ್ತದೆ. ಅದಕ್ಕೆ ಮೂಟೆ ಅಡ್ಡ ಬಂದರೆ ಅಥವಾ ಕಣದ ದೂಳು, ಕಾಫಿ ಸಿಪ್ಪೆ, ನಾಯಿ ಕೂದಲು ಜಾಲರಿಯಲ್ಲಿ ಕಟ್ಟಿದರೆ ಬ್ಯಾಟರಿ ಕಾಯುತ್ತದೆ, ಫ್ಯಾನ್ ಜೋರಾಗುತ್ತದೆ, ಮೈಲೇಜ್ ಬೀಳುತ್ತದೆ, ಕೊನೆಗೆ ವಾರ್ನಿಂಗ್ ದೀಪ. ಕಿಂಡಿ ಎಲ್ಲಿದೆ ಎಂದು ಡೆಲಿವರಿ ದಿನವೇ ತೋರಿಸಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ಫಿಲ್ಟರ್ ತಿಂಗಳಿಗೊಮ್ಮೆ ನೋಡಬೇಕು.

ಕಾರು ಶೆಡ್ಡಿನಲ್ಲಿ ವಾರಗಟ್ಟಲೆ ನಿಂತರೆ 12 ವೋಲ್ಟ್‌ನ ಸಣ್ಣ ಬ್ಯಾಟರಿ ಇಳಿಯುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಆಗ ಕಾರು ‘ರೆಡಿ’ಗೆ ಬರುವುದಿಲ್ಲ, ಅಂದರೆ ಸ್ಟಾರ್ಟ್ ಆಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿ ಮೋಡಿನಲ್ಲಿ ಇಡಿ. ನಿಂತ ಕಾರಿಗೆ ಇಲಿಗಳೂ ಸೇರುತ್ತವೆ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಕಡಿದಿದ್ದರೆ ಊರಿನ ಮೆಕ್ಯಾನಿಕ್ ಕೈಯಲ್ಲಿ ಮುಟ್ಟಿಸಬೇಡಿ, ಅಪಾಯ. ಇಲಿ ಕಡಿತ ಪಾಲಿಸಿಯಲ್ಲಿ ಸೇರಿದೆಯೇ ಎಂದು ಮೊದಲೇ ಓದಿ. ಹೈಬ್ರಿಡ್ ತರಬೇತಿ ಪಡೆದ ಟೆಕ್ನಿಶಿಯನ್ ಹಾಸನ ಅಥವಾ ಚಿಕ್ಕಮಗಳೂರಿನ ವರ್ಕ್‌ಶಾಪಿನಲ್ಲೇ ಇದ್ದಾರೆಯೇ ಎಂದೂ ಕೇಳಿ. ದಾರಿಯಲ್ಲಿ ನಿಂತರೆ ಮುಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೆಸಬಾರದು, ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು.

ಹಳೆ ಕಾರು ಬಿಡುವ ದಿನ

ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29, 30, ಕೊಳ್ಳುವವರು ಬೇರೆ ರಾಜ್ಯದವರಾದರೆ ಫಾರಂ 28. ಫಾಸ್ಟ್ಯಾಗ್ ಮುಚ್ಚಿಸಿ. ಕಾರು ಕೈಬಿಟ್ಟ ದಿನಾಂಕ, ಸಮಯ, ಓಡೋಮೀಟರ್ ಅಂಕಿ ಬರೆದ ಡೆಲಿವರಿ ಪತ್ರಕ್ಕೆ ಸಹಿ ಪಡೆಯಿರಿ. ಆರ್‌ಸಿ ನಿಮ್ಮ ಹೆಸರಿನಿಂದ ಬದಲಾಗಿದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ನೋಡುತ್ತಿರಿ. ಬದಲಾಗುವ ತನಕ ಆ ಕಾರಿನ ದಂಡ, ಅಪಘಾತದ ನೋಟಿಸ್ ಎಲ್ಲ ಬರುವುದು ನಿಮ್ಮ ವಿಳಾಸಕ್ಕೇ.